ಹೊಳೆಗೆ ಸುರಿದದ್ದು

ಮನೆಯಿಂದ,
ಸೋಮವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿಯ ಅಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ನಿಮ್ಮಕ್ಕನ ಮನೆಯ ಮೆಟ್ಟಿಲು ಬಲು ಕಡಿದು, ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡ. ಪುಟ್ಟಿಯ ಕೆಮ್ಮು ನಿಂತಿತೇ? ನನ್ನ ಫೋನು ನೀನು ಎತ್ತುವುದಿಲ್ಲ. ಅದಕ್ಕೆ ಕೋಪವಿಲ್ಲ, ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ. ಅದಕ್ಕೇ ಈ ಕಾಗದ.

ನಿನ್ನೆ ನಮ್ಮ ಪ್ರೆಸ್ಸಿನವರೆಲ್ಲ ರಜೆ ಕಳೆಯಲು ಹೋಗಿದ್ದೆವು. ಬೆಳಿಗ್ಗೆ ಮದ್ಯದ ಕಾರ್ಖಾನೆ ನೋಡುವುದು, ಮಧ್ಯಾಹ್ನ ಹೊಳೆಯಲ್ಲಿ ಮೀನು ಹಿಡಿಯುವುದು. ಕುಡಿತ ಬಿಟ್ಟು ಏಳು ತಿಂಗಳಾದವನು ಅಲ್ಲಿಗೇಕೆ ಹೋದ ಎನ್ನುತ್ತೀಯ. ಲೋಕದ ಬಾಟಲಿಗಳನ್ನೆಲ್ಲ ಬಚ್ಚಿಡಲು ಯಾರಿಂದಲೂ ಆಗದು, ಎದುರಿಗೆ ನಿಂತೇ ಬೇಡವೆನ್ನಬೇಕು ಎಂದು ಹಟ ತೊಟ್ಟೆ. ವ್ಯಾನು ನಾನೇ ಓಡಿಸುತ್ತೇನೆಂದೆ, ಓಡಿಸುವವನಿಗೆ ಯಾರೂ ಒತ್ತಾಯ ಮಾಡುವುದಿಲ್ಲವಲ್ಲ. ನಿನ್ನ ತಮ್ಮ ನನ್ನ ಕಾವಲಿಗೆಂದೇ ಪಕ್ಕದ ಸೀಟು ಹಿಡಿದ.

ಹುಳಿ ಬಂದ ಧಾನ್ಯದ ತೊಟ್ಟಿಗಳು, ಹಬೆಯಾಡುವ ತಾಮ್ರದ ಹಂಡೆಗಳು, ಸಾಲು ಸಾಲು ಮರದ ಪೀಪಾಯಿ. ಇಷ್ಟೆಲ್ಲ ಕಟ್ಟಿಸಿದ್ದರಲ್ಲಿ ನನ್ನ ಪಾಲೂ ಇದೆಯೆಂದು ಒಂದು ಕ್ಷಣ ಯಜಮಾನನ ಗತ್ತೇ ಬಂತು. ಕೊನೆಗೆ ರುಚಿ ನೋಡಲು ಎಲ್ಲರಿಗೂ ಒಂದೊಂದು ಗುಟುಕು. ನಿನ್ನ ತಮ್ಮ ಹೊಟ್ಟೆನೋವೆಂದು ಮುಟ್ಟಲಿಲ್ಲ. ನಾನು ಗಾಡಿಯ ಕೀ ತೋರಿಸಿದೆ. ಕಾರ್ಖಾನೆ ತೋರಿಸುತ್ತಿದ್ದ ಹೆಂಗಸು ನಕ್ಕು, "ಡ್ರೈವರಿಗೆ ಬೇರೆ ಇದೆ, ಮನೆಗೆ ಹೋಗಿ ಕುಡೀರಿ" ಎಂದು ಬೆರಳುದ್ದದ ಸೀಲು ಬಾಟಲಿಯನ್ನು ನನ್ನ ಜೇಬಿಗೇ ಹಾಕಿದರು! ಅವರಲ್ಲಿ ಅದು ಪದ್ಧತಿಯಂತೆ. ಬೀದಿಯಲ್ಲಿ ಹೋಗುವ ಮಾರಿಯನ್ನು ನಾನೇ ಮನೆಗೆ ಕರೆದ ಹಾಗಾಯಿತು.

ಹೊಳೆದಂಡೆಯಲ್ಲಿ ಗಾಳ ಹಾಕಿ ಕೂತೆ. ಒಂದು ಗಂಟೆ ಕಳೆದರೂ ನೀರಿನ ಮೇಲಿನ ಬೆಂಡು ಅಲುಗಲಿಲ್ಲ, ಜೇಬು ಮಾತ್ರ ಎಳೆಯುತ್ತಲೇ ಇತ್ತು. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಎದ್ದು ಸೀಲು ಒಡೆದು, ಮುಖ ಆಚೆ ತಿರುಗಿಸಿಕೊಂಡು ಪೂರ್ತಿ ನೀರಿಗೆ ಸುರಿದೆ. ಕೈಮೇಲೆಲ್ಲ ಚೆಲ್ಲಿತು. ತಿರುಗಿದರೆ ನಿನ್ನ ತಮ್ಮ ನಿಂತಿದ್ದ, ಕೈಯಲ್ಲಿ ಮೀನು, ಕಣ್ಣು ನನ್ನ ಖಾಲಿ ಬಾಟಲಿಯ ಮೇಲೆ. "ಚೆಲ್ಲಿಬಿಟ್ಟೆ ಕಣೋ" ಎಂದೆ. ಹನ್ನೊಂದು ವರ್ಷ, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ನಿನಗೆ ಹೇಳಿದ ಸುಳ್ಳೂ ಇದೇ ಮಾತು. ಅವನು ಜಗಳವಾಡಲಿಲ್ಲ. "ಕೀ ಕೊಡಿ ಭಾವ, ನಾನು ಓಡಿಸ್ತೀನಿ" ಎಂದ. ಕೊಟ್ಟೆ.

ಅವನ ಫೋನು ಈ ಕಾಗದಕ್ಕಿಂತ ಮೊದಲೇ ಬಂದಿರುತ್ತದೆ. ಅವನನ್ನು ಬೈಯಬೇಡ, ಕಂಡದ್ದನ್ನೇ ಹೇಳಿರುತ್ತಾನೆ. ನನಗೆ ತುಂಬ ನೋವಾಯಿತು, ಆದರೆ ನಂಬು ಎಂದು ಕೇಳುವುದಿಲ್ಲ. ನಾನು ಇಟ್ಟ ಆಣೆಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿವೆ, ಇನ್ನೊಂದು ಇಡುವುದಿಲ್ಲ. ನೀನು ನಂಬಿದರೂ ಸರಿ, ಬಿಟ್ಟರೂ ಸರಿ, ಕುಡಿತ ಬಿಟ್ಟದ್ದು ಬಿಟ್ಟದ್ದೇ.

ನಿಮ್ಮಕ್ಕನಿಗೆ ನಮಸ್ಕಾರ ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ಇನ್ನೂ ನಿನ್ನವನೇ ಆದ,
ಪುಟ್ಟಿಯ ಅಪ್ಪ

ಹೇಳುವುದೇ ಮರೆತೆ: ಭಾನುವಾರ ಹತ್ತರ ಬಸ್ಸಿಗೆ ಬರುತ್ತೇನೆ, ಅದರ ಮುಂದಿನ ಭಾನುವಾರವೂ. ಹಿಂದಿನ ಹಾಗೆ ಬಾಗಿಲಲ್ಲೇ ನಿಲ್ಲಿಸಿ ನನ್ನ ಬಾಯಿ ಮೂಸಿ ನೋಡು. ಆಗೆಲ್ಲ ನಿನ್ನನ್ನು ತಳ್ಳಿಕೊಂಡು ಒಳಗೆ ಹೋಗುತ್ತಿದ್ದೆ. ಈಗ ನಿನಗೆ ಎಟುಕುವ ಹಾಗೆ ಬಗ್ಗಿ ನಿಲ್ಲುತ್ತೇನೆ. ಏಲಕ್ಕಿ ಹಾಕಿಕೊಂಡಿರುವುದಿಲ್ಲ.