ಅಮ್ಮನಿಗೆ ಹೇಳಿ ಖರ್ಚು

ಜೂನ್ 3, ಬೆಳಿಗ್ಗೆ 8.40

ಲಾಂಡ್ರಿ ಬಾಗಿಲು ತೆಗೆದಾಯಿತು. ಹದಿನಾರು ಕೋಟು, ಒಂದೊಂದರ ಕಾಲರಿಗೂ ನಂಬರ್ ಚೀಟಿ ಚುಚ್ಚಿದೆ. ಬರುವ ದಾರಿಯಲ್ಲಿ ಕಾಫಿ, ಬನ್. ಫೋನ್ ತೋರಿಸಿದೆ, ಟಿಣ್ ಅಂತು, ಮುಗಿಯಿತು. ಎಷ್ಟು ಅಂತ ಆಗಲೇ ಮರೆತಿದೆ. ನೋಟು ಎಣಿಸಿ ಕೊಡುವಾಗ ಕೈ ಸ್ವಲ್ಪವಾದರೂ ಹಿಂದೆಮುಂದೆ ನೋಡುತ್ತಿತ್ತು.

ಅಮ್ಮನ ಕಿವಿ ಮಿಷನ್‌ಗೆ ಹದಿನೆಂಟು ಸಾವಿರ. ಕೂಡಿಟ್ಟದ್ದು ಹನ್ನೊಂದು. ಮೂರು ತಿಂಗಳಿಂದ ಹನ್ನೊಂದೇ.

ಜೂನ್ 4

ಗೇಟಿನ ಹತ್ತಿರ ವ್ಯಾನ್ ರಿವರ್ಸ್ ಬಂತು. ಹಾರ್ನ್ ಅಮ್ಮನಿಗೆ ಕೇಳಲಿಲ್ಲ. ಮೊಣಕೈ ತರಚಿದೆ, ಅಷ್ಟೇ. ಅಷ್ಟೇ ಅಂತ ಬರೆದೆ... ಹೆದರಿಕೆ ಇನ್ನೂ ಹೋಗಿಲ್ಲ.

ಹೊಸ ನಿಯಮ: ದುಡ್ಡು ಕಳಿಸುವ ಮುಂಚೆ ಅಮ್ಮನಿಗೆ ಫೋನ್. ಏನು, ಎಷ್ಟು — ಹೇಳಬೇಕು. ಬೇಡ ಅಂದರೆ ಬೇಡ. ಫೋನ್ ಜೇಬಿನಲ್ಲಿ ನಡುಗಿದರೆ ಎತ್ತುತ್ತಾಳೆ. ಕೂಗಿ ಹೇಳಿದರೆ ಕೇಳುತ್ತಂತೆ.

ಬರೆದು ತೋರಿಸಿದೆ. ಓದಿ ನಕ್ಕಳು. "ನಿನ್ ಕೈಲಿ ಆಗೋ ಕೆಲ್ಸ ಅಲ್ಲ ಬಿಡೆ."

ಜೂನ್ 7

ಬೇಕರಿ ಮುಂದೆ ನಿಂತು ಕೂಗಿದೆ. "ಅಮ್ಮಾ! ಕೇಕು! ಎಂಬತ್ತು!" ಬೇಕರಿಯವರು, ಸಾಲಿನಲ್ಲಿದ್ದವರು, ಒಂದು ನಾಯಿ — ಎಲ್ಲರಿಗೂ ಕೇಳಿತು.

"ಬೇಡ ಬಿಡು. ಮನೆಗ್ ಬಾ."

ಮಾನ ಹೋಯಿತು, ಎಂಬತ್ತು ಉಳಿಯಿತು.

ಜೂನ್ 19

ಕಾಫಿ — ಬೇಡ ಬಿಡು. ಫೋನ್ ಕವರ್ — ಬೇಡ ಬಿಡು. ಕೊಡೆ — ಬೇಡ ಬಿಡು. ನೆನೆದುಕೊಂಡೇ ಬಂದೆ. ಇಸ್ತ್ರಿ ಅಣ್ಣನಿಗೆ ನಗು. "ನಿಮ್ಮಮ್ಮನ್ನ ಮಂತ್ರಿ ಮಾಡ್ಬೇಕಿತ್ತು ನೋಡು. ಖಜಾನೆ ತುಂಬಿರ್ತಿತ್ತು."

ಜುಲೈ 2

ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಚೀಟಿ ಚುಚ್ಚುವ ಪಿನ್ನನ್ನೇ ಹಾಕಿಕೊಂಡೆ. ಅಂಗಡಿಯಲ್ಲಿ ಕಂದು ಬಣ್ಣದ್ದು, ಆರುನೂರು. ಕೇಳಿದೆ. ಬೇಡ ಬಿಡು.

ಸಿಟ್ಟು ಬಂತು. ನನ್ನ ಕಾಲು ನೋಡಿದ್ದಾಳೆ ತಾನೆ?

ಜುಲೈ 30

ಸಂಬಳ ಏರಿಸಿದರು. ಲಾಂಡ್ರಿಯಿಂದಲೇ ಫೋನ್. "ಅಮ್ಮಾ! ಸಂಬಳ ಜಾಸ್ತಿ ಆಯ್ತು! ಸಾವಿರ!"

"ಬೇಡ ಬಿಡು. ಮನೆಗ್ ಬಾ."

ಫೋನ್ ಹಿಡಿದೇ ನಿಂತೆ. ಎರಡು ತಿಂಗಳಿಂದ ಅವಳಿಗೆ ಒಂದಕ್ಷರವೂ ಕೇಳಿಲ್ಲ. ಫೋನ್ ಬಂತು ಅಂದರೆ ಏನೋ ಕೊಳ್ಳಲು ಹೊರಟಿದ್ದೇನೆ — ಅಷ್ಟೇ ಅವಳ ಲೆಕ್ಕ. ದುಃಖವಾಯಿತು. ಆಮೇಲೆ ಉಳಿದ ಕೋಟುಗಳಿಗೆ ಚೀಟಿ ಚುಚ್ಚಿದೆ.

ಸಂಬಳದ ವಿಷಯ ಬರೆದು ತೋರಿಸುವುದಿಲ್ಲ. ಕಿವಿ ಕೇಳುವಂತಾದ ಮೇಲೆ ಹೇಳುತ್ತೇನೆ. ನಿಯಮ ಹಾಗೇ ಇರಲಿ. ಕೂಗುವುದೂ ಇರಲಿ.

ಸೆಪ್ಟೆಂಬರ್ 11

ಹದಿನೆಂಟು ಆಯಿತು. ಕ್ಲಿನಿಕ್‌ನಲ್ಲಿ ಫೋನ್ ತೋರಿಸಿದೆ. ಟಿಣ್. ಮಿಷನ್ ಆಗಲೇ ಅಮ್ಮನ ಕಿವಿಯಲ್ಲಿತ್ತು. ಬೆಚ್ಚಿ ತಿರುಗಿದಳು.

"ಇಷ್ಟೇನಾ ಶಬ್ದ? ಅಷ್ಟ್ ದುಡ್ಡು ಹೋಗೋದಕ್ಕೆ?"

ಸೆಪ್ಟೆಂಬರ್ 13, ಸಂಜೆ 5.20

ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ. ಕಂದು ಬಣ್ಣದ್ದು ಇನ್ನೂ ಇದೆ, ಬೆಲೆ ಐವತ್ತು ಏರಿದೆ. ಫೋನ್ ಮಾಡಿದೆ. ಕೂಗಲಿಲ್ಲ, ಎಲ್ಲರ ಹಾಗೆ ಮಾತಾಡಿದೆ.

"ಅಮ್ಮ, ಚಪ್ಪಲಿ. ಆರುನೂರೈವತ್ತು."

'ಬೇಡ ಬಿಡು' ಬರಲಿ ಅಂತ ಕಾದೆ.

"ಇದನ್ನ ಮುಂಚೇನೂ ಕೇಳಿದ್ಯಾ?"

"ಜುಲೈನಲ್ಲಿ."

"ನಾನೇನಂದೆ?"

ಚಪ್ಪಲಿಯ ಪಿನ್ನು ನೋಡಿಕೊಂಡೆ.

"ತಗೊಳ್ಳೆ. ಒಳ್ಳೇದೇ ತಗೋ." ಅಂದಳು. "ಇನ್ನೇನೇನ್ ಹೇಳಿದ್ದೆ? ಎಲ್ಲಾ ಹೇಳು."

ಫೋನ್ ಇನ್ನೂ ಕಿವಿಯಲ್ಲೇ ಇದೆ. ಒಂದು ಕೈಯಲ್ಲಿ ಬರೆಯುತ್ತಾ, ಹಳೆಯ ಪುಟ ತಿರುಗಿಸಿ ಓದಿ ಹೇಳುತ್ತಿದ್ದೇನೆ. ಕೇಕು. ಕಾಫಿ. ಫೋನ್ ಕವರ್. ಕೊಡೆ. ಒಂದೊಂದಕ್ಕೂ "ಅಯ್ಯೋ" ಅನ್ನುತ್ತಿದ್ದಾಳೆ. ಈಗ ಜುಲೈ ಮೂವತ್ತು. ಅಮ್ಮ, ಸಂಬಳ—