ಹನ್ನೊಂದನೆಯ ಪೇಟೆಂಟಿನ ಅಂಕಿ

ಕುಲುಮೆಕೊಪ್ಪ, ಮಲಪ್ರಭೆಯ ಎಡದಂಡೆ
ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ
(ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ೨೨೮೭)

ಮಾನ್ಯ ಪ್ರಭುಲಿಂಗ ಹಂಚಿನಾಳ ಅವರಿಗೆ,

ಕುಲುಮೆಕೊಪ್ಪದ ಓದಾಳು ಫಕೀರವ್ವ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಮುದುರಿ ಎಸೆಯಬೇಡಿ. ನಿಮ್ಮ ವರ್ಷಕ್ಕೆ ಹನ್ನೆರಡೇ ತಿಂಗಳು ಎಂಬುದು ನನಗೆ ಗೊತ್ತು. ನಮ್ಮಲ್ಲಿ ಬೇಸಿಗೆಯ ನಡುವೆ, ಬೆಳಗಿನ ಒಂದು ಗಳಿಗೆ ಬಿಟ್ಟರೆ, ಯಾರೂ ಹೊರಗೆ ಕಾಲಿಡಲಾಗದ ಇಪ್ಪತ್ತೆಂಟು ದಿನಗಳು ಬರುತ್ತವೆ. ಆ ದಿನಗಳನ್ನು ಬೇರೆ ತೆಗೆದು ಬಿಡುವಿನ ತಿಂಗಳು ಎಂದು ಹೆಸರಿಟ್ಟಿದ್ದೇವೆ. ಈಗ ಮಧ್ಯಾಹ್ನ. ಊರೆಲ್ಲ ನೆಲಮಾಳಿಗೆಯಲ್ಲಿ ಮಲಗಿದೆ, ನಾನೊಬ್ಬಳು ಬರೆಯುತ್ತ ಕೂತಿದ್ದೇನೆ. ನಿಮ್ಮ ಕಾಲದ ಕನ್ನಡವನ್ನು ಹರಿದ ಪಠ್ಯಪುಸ್ತಕಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಓದಾಳು ಎಂದರೆ ಏನೆಂದು ಮೊದಲು ಹೇಳಬೇಕು. ನಿಮ್ಮ ಕಾಲದ ಬರಹವೆಲ್ಲ ಯಂತ್ರಗಳ ಹೊಟ್ಟೆಯಲ್ಲಿತ್ತು. ಯಂತ್ರಗಳು ನಿಂತಾಗ ಬರಹವೂ ಹೋಯಿತು. ನಮ್ಮ ಹಿರಿಯರು ಹುಬ್ಬಳ್ಳಿಯ ಪಾಳುಮನೆಗಳಲ್ಲಿ ಹುಡುಕಾಡುವಾಗ ಒಂದು ಕಬ್ಬಿಣದ ಟ್ರಂಕು ಸಿಕ್ಕಿತು. ಅದರೊಳಗೆ ದಾರ ಕಟ್ಟಿದ ಹದಿನೇಳು ಪೇಟೆಂಟು ಕಡತಗಳಿದ್ದವು, ಒಂದೊಂದರ ಮೇಲೂ ನಿಮ್ಮ ಹೆಸರಿತ್ತು. ಅವು ಇಂಗ್ಲಿಷಿನಲ್ಲಿವೆ, ಅದೂ ವಕೀಲರ ಇಂಗ್ಲಿಷು. ಒಂದು ವಾಕ್ಯ ಶುರುವಾದರೆ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದಿರುತ್ತದೆ. ಅದನ್ನು ಓದಿ, ಅರ್ಥ ಮಾಡಿಕೊಂಡು, ಕಮ್ಮಾರರಿಗೂ ಬೆಸುಗೆಯವರಿಗೂ ಅಳತೆ ಹೇಳುವುದು ಓದಾಳಿನ ಕೆಲಸ. ಇಡೀ ಊರಿಗೆ ಒಬ್ಬರೇ ಓದಾಳು. ನನಗಿಂತ ಮೊದಲು ನನ್ನ ಸೋದರತ್ತೆ ಇದ್ದಳು, ನಾನು ಬಂದು ಇಪ್ಪತ್ತಾರು ವರ್ಷವಾಯಿತು. ಯಂತ್ರದಿಂದ ಸಾವಾದರೆ ಆ ಯಂತ್ರವನ್ನು ಕಂಡುಹಿಡಿದವರಿಗೆ ಓದಾಳು ಒಂದು ದೂರುಪತ್ರ ಬರೆಯಬೇಕೆಂಬ ಪದ್ಧತಿ ನಮ್ಮಲ್ಲಿದೆ. ತಲುಪುವ ದಾರಿ ಯಾರಿಗೂ ಗೊತ್ತಿಲ್ಲ, ಆದರೂ ಬರೆಯುತ್ತೇವೆ.

ದೂರುವ ಮೊದಲು ನಿಮ್ಮ ಉಪಕಾರವನ್ನೂ ಹೇಳಬೇಕು, ಇಲ್ಲವಾದರೆ ನಾನು ಕೃತಘ್ನಳಾಗುತ್ತೇನೆ. ಹಬೆ ಇದ್ದಾಗ, ನೀವು ಪ್ರಯೋಗಾಲಯಕ್ಕೆಂದು ಮಾಡಿದ ಕುದಿಪಾತ್ರೆಯಲ್ಲಿ ನಮ್ಮ ಸೂಲಗಿತ್ತಿ ಸಾವಂತ್ರವ್ವ ಕತ್ತರಿ, ಸೂಜಿ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುತ್ತಾಳೆ. ಗಾಜಿನ ನಳಿಕೆಗಳನ್ನು ಅಲುಗಾಡಿಸಲು ನೀವು ಮಾಡಿದ ಚೌಕಟ್ಟಿನಲ್ಲಿ ನಾವು ಮಜ್ಜಿಗೆ ಕಡೆಯುತ್ತೇವೆ. ಇದಕ್ಕೆ ನೀವು ಬೇಜಾರಾಗಬಾರದು, ಬೆಣ್ಣೆ ಬಹಳ ಚೆನ್ನಾಗಿ ಬರುತ್ತದೆ. ಕಾರ್ಖಾನೆಗಳಿಗಾಗಿ ಮಾಡಿದ ಗಿರಕಿ ಪೀಪಾಯಿ ನಮ್ಮ ನೇಕಾರರ ನೂಲನ್ನು ಹಿಂಡಿ ಒಣಗಿಸುತ್ತದೆ. ಇವೆಲ್ಲಕ್ಕೂ ಬೇಕಾದ ಹಬೆ ಬರುವುದು ಹನ್ನೊಂದನೆಯ ಪೇಟೆಂಟಿನಿಂದ. ಅದನ್ನು ನಾವು ಹಬೆಕಣಜ ಎನ್ನುತ್ತೇವೆ. ಕಾಳು ತುಂಬಿಡುವ ಕಣಜದ ಹಾಗೆ ಬಿಸಿಲಿನ ಶಾಖವನ್ನು ತುಂಬಿಟ್ಟುಕೊಳ್ಳುವ ಉಕ್ಕಿನ ತೊಟ್ಟಿ ಅದು. ಊರ ಪಡುವಲಿಗೆ, ಅದರ ಮೇಲೆ ಬಿಸಿಲು ಹಾಯಿಸುವ ಒಂಬೈನೂರು ಕನ್ನಡಿಗಳ ಬೆಳಕುಗದ್ದೆ ಇದೆ. ಮನೆಗೆ ಆರು ಕನ್ನಡಿಗಳ ಪಾಲು. ಬೆಳಕು ಹರಿಯುವ ಮುಂಚೆ ಗಂಡಸರು ಹೆಂಗಸರು ಎಲ್ಲರೂ ಬೂದಿ, ಹಳೆ ಸೀರೆ ಹಿಡಿದು ಹೋಗಿ ತಮ್ಮ ತಮ್ಮ ಕನ್ನಡಿ ತಿಕ್ಕಿ ಬರುತ್ತಾರೆ. ಊರಿನ ಅರ್ಧ ಮದುವೆಗಳು ಅಲ್ಲೇ ಕುದುರುತ್ತವೆ, ಅರ್ಧ ಜಗಳಗಳೂ ಅಲ್ಲೇ ಹುಟ್ಟುತ್ತವೆ. ಹಬೆಯ ಕೊಳವೆಗೆ ಹೊಂದಿಸಿದ ಹಂಚಿನ ಮೇಲೆ ರೊಟ್ಟಿ ಬೇಯುತ್ತದೆ. ಕಣಜ ತುಂಬಿದ ದಿನ ಮುದುಕರಿಗೆಲ್ಲ ಬಿಸಿನೀರಿನ ಸ್ನಾನ.

ಈಗ ತಪ್ಪಿನ ಮಾತಿಗೆ ಬರುತ್ತೇನೆ. ನಿಮ್ಮ ಕಡತಗಳಲ್ಲಿ ಎಲ್ಲಿಯೂ ಒಂದೇ ಅಂಕಿ ಇರುವುದಿಲ್ಲ. ಇಷ್ಟರಿಂದ ಇಷ್ಟರವರೆಗೆ ಎಂದಿರುತ್ತದೆ. ನಮ್ಮ ಹಿರಿಯರು ಇದರ ಬಗ್ಗೆ ಬಹಳ ಯೋಚಿಸಿ ಒಂದು ನಿಯಮ ಮಾಡಿದರು: ಎರಡು ಅಂಕಿಗಳ ನಡುವಿನದನ್ನು ತೆಗೆದುಕೋ. ಕಂಡುಹಿಡಿದವನು ತನಗೆ ಗೊತ್ತಿದ್ದ ಅಳತೆಯ ಆಚೆ ಈಚೆ ಸಮನಾಗಿ ಜಾಗ ಬಿಟ್ಟಿರುತ್ತಾನೆ, ಓದುವವರಿಗೆ ಕೈತಪ್ಪು ಆಗದಿರಲಿ ಎಂದು ಧಾರಾಳವಾಗಿ ಬರೆದಿರುತ್ತಾನೆ ಎಂದು ಅವರು ನಂಬಿದರು. ಕುದಿಪಾತ್ರೆಯಲ್ಲಿ, ಚೌಕಟ್ಟಿನಲ್ಲಿ, ಪೀಪಾಯಿಯಲ್ಲಿ ನಡುವಿನ ಅಂಕಿ ನಡೆದೂ ಬಿಟ್ಟಿತು. ಹಾಗಾಗಿ ಪದ್ಧತಿ ಗಟ್ಟಿಯಾಯಿತು. ಓದಾಳು ಭಟ್ಟಿಯ ಮುಂದೆ ನಿಂತು ಅಂಕಿಯನ್ನು ಮೂರು ಸಲ ಕೂಗಿ ಹೇಳಬೇಕು, ಬೆಸುಗೆಯ ಹಿರಿಯ ಅದನ್ನು ಸುಣ್ಣದಿಂದ ಗೋಡೆಗೆ ಬರೆಯಬೇಕು. ಆಮೇಲೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಓದಾಳು ಗೊತ್ತಿಲ್ಲ ಎನ್ನುವಂತೆಯೂ ಇಲ್ಲ.

ಹಬೆಕಣಜದ ಉಕ್ಕನ್ನು ಬೆಸೆದ ಮೇಲೆ ಇಡೀ ತೊಟ್ಟಿಯನ್ನು ಮತ್ತೊಮ್ಮೆ ಕಾಯಿಸಿ ನಿಧಾನವಾಗಿ ಆರಿಸಬೇಕಲ್ಲವೇ, ಅದಕ್ಕೆ ನಾವು ಹದ ಎನ್ನುತ್ತೇವೆ. ಅಷ್ಟು ದೊಡ್ಡ ತೊಟ್ಟಿಗೆ ಸಾಕಾಗುವ ಬಿಸಿಲು ಈ ಬಿಡುವಿನ ತಿಂಗಳಲ್ಲಿ ಮಾತ್ರ ಸಿಗುತ್ತದೆ. ಹಳೆಯ ಕಣಜ ನಮ್ಮ ಅಜ್ಜಂದಿರು ಎಲ್ಲಿಂದಲೋ ಹೊತ್ತು ತಂದದ್ದು. ಅದು ತುಕ್ಕು ಹಿಡಿದ ಮೇಲೆ ನಾವೇ ಮಾಡಿದ ಮೊದಲನೆಯದಕ್ಕೆ ಹೋದ ವರ್ಷ ಹದ ಕೊಟ್ಟೆವು. ನಿಮ್ಮ ಕಡತದಲ್ಲಿ ನಾಲ್ಕುನೂರರಿಂದ ಏಳುನೂರೈವತ್ತು ಡಿಗ್ರಿ ಎಂದಿದೆ. ನಾನು ಐನೂರ ಎಪ್ಪತ್ತೈದು ಎಂದು ಮೂರು ಸಲ ಕೂಗಿದೆ. ಕಣಜ ಏಳು ತಿಂಗಳು ನಡೆಯಿತು. ಅದರ ವಾಲ್ವು ನೋಡಿಕೊಳ್ಳುತ್ತಿದ್ದವನು ನನ್ನ ತಮ್ಮ ಅಡಿವೆಪ್ಪ, ನಲವತ್ತೆರಡು ವರ್ಷದವನು. ಒಂದು ಬೆಳಿಗ್ಗೆ ಕನ್ನಡಿ ತಿಕ್ಕುವಾಗ ನನ್ನ ಹತ್ತಿರ ಬಂದು, “ಅಕ್ಕಾ, ಬೆಸಿಗಿ ಸಾಲಿನ್ಯಾಗ ಏನೋ ಸಣ್ಣಗ ಸಪ್ಪಳ ಬರಾಕತ್ತೈತಿ. ನೀ ಒಮ್ಮಿ ಕಡತ ತಗದು ನೋಡ್ತೀಯೇನು?” ಎಂದ. ನಾನು ತಲೆ ಎತ್ತದೆ, “ಕಡತದಾಗ ಬರದದ್ದು ತಪ್ಪಾಗೂದಿಲ್ಲೋ, ಹೋಗು,” ಎಂದೆ. ಮೂರನೆಯ ದಿನ ಬೆಸುಗೆಯ ಪಕ್ಕದಲ್ಲಿ ಉಕ್ಕು ಸೀಳಿತು. ಹಬೆಗೆ ಸಿಕ್ಕಿ ಸತ್ತ ತಮ್ಮನ ಮುಖವನ್ನು ನನಗೆ ತೋರಿಸಲಿಲ್ಲ, ನಾನೂ ಹೆದರಿ ಕೇಳಲಿಲ್ಲ. ಆ ಹೆದರಿಕೆಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಆ ಬೆಸುಗೆ ಹಾಕಿದವನು ಮಾಬುಸಾಬ. ಅರವತ್ತು ದಾಟಿದ್ದಾನೆ, ಅಡಿವೆಪ್ಪನಿಗೆ ಕೆಲಸ ಕಲಿಸಿದವನು ಅವನೇ. ಅಂಕಿಯನ್ನು ಯಾರೂ ಅನುಮಾನಿಸುವಂತಿಲ್ಲವಲ್ಲ, ಹಾಗಾಗಿ ಉಳಿದದ್ದು ಅವನ ಕೈಯೊಂದೇ. ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ, ಆದರೂ ತಪ್ಪು ತನ್ನ ಬೆಸುಗೆಯದೇ ಎಂದು ಅವನೇ ಅಂದುಕೊಂಡ. ಸಾಮೂಹಿಕ ಊಟಕ್ಕೆ ಬರುವುದನ್ನು ಬಿಟ್ಟ. ಹೊಸ ಕಣಜದ ಬೆಸುಗೆಯನ್ನು ಒಂದು ಕಡೆ ಮುಗಿಸಿ, ಮೆಚ್ಚಿಗೆಯಾಗದೆ ಕೊರೆದು ತೆಗೆದು, ಮತ್ತೆ ಹಾಕಿದ. ಹೀಗೆ ನಾಲ್ಕು ಸಲ ಮಾಡಿದ.

ಹನ್ನೆರಡು ದಿನಗಳ ಹಿಂದೆ ನಾನು ಹನ್ನೊಂದನೆಯ ಕಡತದ ದಾರ ಬಿಚ್ಚಿ ಒಂದೊಂದೇ ಹಾಳೆ ಬಿಡಿಸಿ ನೋಡಿದೆ. ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ನಿಮ್ಮ ವಕೀಲರ ಒಂದು ಚೀಟಿ ಇತ್ತು, ಕನ್ನಡದಲ್ಲಿ, ಕೈಬರಹದಲ್ಲಿ. ಅದನ್ನು ಇಲ್ಲಿ ಹಾಗೇ ಇಳಿಸುತ್ತೇನೆ: “ಹಂಚಿನಾಳರೇ, ನೀವು ಕೊಟ್ಟ ಅಂಕಿಯನ್ನೇ ಬರೆದರೆ ನಾಳೆ ಪಕ್ಕದ ಕಾರ್ಖಾನೆಯವರು ನಾಲ್ಕು ಡಿಗ್ರಿ ಆಚೆಗಿಟ್ಟು ಇದನ್ನೇ ಮಾಡುತ್ತಾರೆ. ಕೆಳಗಿನ ಅಂಕಿಗಳ ಶಾಖದಲ್ಲಿ ಉಕ್ಕು ಪೆಡಸಾಗಿ ಸೀಳುತ್ತದೆ ಎಂದು ನೀವು ಹೇಳಿದ್ದು ನೆನಪಿದೆ, ಇರಲಿ. ನಾವು ನಾಲ್ಕುನೂರರಿಂದ ಏಳುನೂರೈವತ್ತು ಎಂದು ಅಗಲವಾಗಿ ಬೇಲಿ ಹಾಕೋಣ. ನಿಜವಾದದ್ದು ನಿಮ್ಮ ಡೈರಿಯಲ್ಲಿರಲಿ. ಸೋಮವಾರ ಸಹಿಗೆ ಬನ್ನಿ.”

ನೋಡಿ, ನಮ್ಮ ಹಿರಿಯರು ಧಾರಾಳತನ ಎಂದುಕೊಂಡದ್ದು ಬೇಲಿಯಾಗಿತ್ತು. ಚೀಟಿ ಓದಿ ನನಗೆ ಮೈಯೆಲ್ಲ ಉರಿಯಿತು. ನಿಮಗೆ ಗೊತ್ತಿತ್ತು. ಕೆಳಗಿನ ಶಾಖ ಉಕ್ಕನ್ನು ಕೆಡಿಸುತ್ತದೆ ಎಂದು ಗೊತ್ತಿದ್ದೂ ಅದನ್ನು ನಿಮ್ಮದೆಂದು ಬರೆದು ಸಹಿ ಹಾಕಿದಿರಿ. ಎರಡು ದಿನ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ, ನಿಮ್ಮ ಕಷ್ಟವೂ ಸ್ವಲ್ಪ ಕಂಡಿತು. ಹಗಲೆಲ್ಲ ಉಕ್ಕಿನ ತುಂಡುಗಳನ್ನು ಕಾಯಿಸಿ, ಮುರಿದು, ಗುರುತು ಹಾಕಿಕೊಂಡು ಆ ಅಂಕಿ ಕಂಡಿರುತ್ತೀರಿ. ಅದನ್ನು ಇನ್ನೊಬ್ಬ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎತ್ತಿಕೊಂಡು ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಡೈರಿ ಮನೆಯಲ್ಲಿತ್ತು, ಕೆಲಸಗಾರರು ನಿಮ್ಮ ಕಣ್ಣೆದುರಿಗೇ ಇದ್ದರು, ಬಾಯಿಮಾತಿನಲ್ಲೇ ಹೇಳಬಹುದಿತ್ತು. ಇನ್ನೂರೈವತ್ತು ವರ್ಷಗಳ ಮೇಲೆ ಬರಿಯ ಕಡತ ಹಿಡಿದು ಭಟ್ಟಿ ಹೊತ್ತಿಸುವವರು ಇರುತ್ತಾರೆ ಎಂದು ಯಾರು ತಾನೇ ಯೋಚಿಸಿಯಾರು? ಆ ಡೈರಿಯನ್ನು ನಾವು ಹುಬ್ಬಳ್ಳಿಯಲ್ಲೆಲ್ಲ ಹುಡುಕಿದ್ದೇವೆ, ಅದು ಸಿಕ್ಕಿಲ್ಲ.

ಈಗ ಹೊಸ ಕಣಜ ಹದಕ್ಕೆ ಸಿದ್ಧವಾಗಿ ನಿಂತಿದೆ. ಹಬೆ ಇಲ್ಲದೆ ಕುದಿಪಾತ್ರೆ ನಿಂತು ಐದು ತಿಂಗಳಾಯಿತು. ಸಾವಂತ್ರವ್ವ ಸಗಣಿ ಕುಳ್ಳಿನ ಒಲೆಯ ಮೇಲೆ ಕತ್ತರಿ ಕುದಿಸುತ್ತಿದ್ದಾಳೆ, ಹಬೆಯಷ್ಟು ಶುದ್ಧ ಅದರಿಂದ ಆಗುವುದಿಲ್ಲ. ಇಬ್ಬರು ಬಾಣಂತಿಯರು ಜ್ವರ ಬಂದು ತೀರಿಕೊಂಡರು. ಮೊನ್ನೆ ಸಾವಂತ್ರವ್ವ ನನ್ನ ಮನೆಗೇ ಬಂದು, “ಇನ್ನೂ ಒಂದು ವರ್ಷ ಈ ಒಲಿ ಮ್ಯಾಲ ತಳ್ಳು ಅಂತೀಯೇನು, ಫಕೀರವ್ವಾ? ನನ್ನ ಕೈಲಿ ಆಗೂದಿಲ್ಲ ನೋಡು,” ಎಂದು ಹೊಸ್ತಿಲ ಮೇಲೆ ಕೂತುಬಿಟ್ಟಳು. ನಿನ್ನೆ ನಾನು ಭಟ್ಟಿಯ ಮುಂದೆ ಹೋಗಿ ಆರುನೂರೈವತ್ತು ಎಂದು ಮೂರು ಸಲ ಕೂಗಿದೆ. ಕೆಳಗಿನದು ಕೆಟ್ಟದು ಎಂದು ಚೀಟಿಯಲ್ಲಿದೆ, ಸರಿ. ಮೇಲೆ ಎಷ್ಟರವರೆಗೆ ಒಳ್ಳೆಯದು ಎಂದು ಎಲ್ಲಿಯೂ ಇಲ್ಲ. ಆರುನೂರೈವತ್ತು ನನ್ನ ಬಾಯಿಗೆ ಬಂದ ಅಂಕಿ, ಅಷ್ಟೇ. ಚೀಟಿಯ ವಿಷಯ ಯಾರಿಗೂ ಹೇಳಿಲ್ಲ. ಹೇಳಿದರೆ ಓದಾಳಿನ ಮಾತಿಗೆ ಬೆಲೆ ಇರುವುದಿಲ್ಲ, ಊರು ದಿಕ್ಕು ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ತಮ್ಮನನ್ನು ಕೊಂದದ್ದು ನಾನು ಕೂಗಿದ ಅಂಕಿ ಎಂದು ಊರಿಗೆ ಗೊತ್ತಾಗುವುದು ಬೇಡವಾಗಿತ್ತು ಎಂಬುದೇ ನಿಜ.

ಮಾಬುಸಾಬ ಅಂಕಿಯನ್ನು ಗೋಡೆಗೆ ಬರೆದ. ಕೈ ಒರೆಸಿಕೊಂಡು ಹತ್ತಿರ ಬಂದು, ಕೇಳಬಾರದ ಮಾತನ್ನು ಮೆತ್ತಗೆ ಕೇಳಿದ: “ಇದು ಖರೇ ಅಂಕಿ ಹೌದಲ್ಲ, ಅವ್ವಾ?”

“ಹೌದು,” ಎಂದೆ.

“ಹಂಗಾರ ಈ ಸರ್ತಿ ವಾಲ್ವಿನ ಹತ್ರ ನಾನ ನಿಂದರ್ತೀನಿ. ನನ್ನ ಬೆಸಿಗಿ ಕೆಟ್ಟದ್ದಿದ್ರ ನನಗ ಬಡೀಲಿ.”

ಹಂಚಿನಾಳರೇ, ನಿಮಗೆ ನನ್ನ ಬೇಡಿಕೆ ಇದು. ಈ ಕಾಗದ ಸೋಮವಾರದ ಒಳಗೆ ನಿಮ್ಮ ಕೈ ಸೇರಿದರೆ, ಸಹಿ ಹಾಕುವ ಮೊದಲು ನಿಮ್ಮ ಅಂಕಿಯನ್ನು ಆ ಹಾಳೆಯ ಮೇಲೆ ಎಲ್ಲಾದರೂ ಒಂದು ಮೂಲೆಯಲ್ಲಿ ಬರೆದುಬಿಡಿ. ವಕೀಲರು ಬೈದರೆ ಬೈಯಲಿ. ಅಷ್ಟು ಆಗದಿದ್ದರೆ, ಯಾವ ಶಾಖಕ್ಕೆ ಹೋಗಬಾರದು ಎಂದಾದರೂ ಬರೆಯಿರಿ. ಈ ಸಾಲು ಬರೆಯುತ್ತಲೇ ಕಡತವನ್ನು ಮತ್ತೆ ತೆರೆದು ನೋಡಿದೆ, ಮೂಲೆಗಳೆಲ್ಲ ಖಾಲಿ ಇವೆ. ನೀವು ಬರೆಯಲಿಲ್ಲ, ಅಥವಾ ನನ್ನ ಕಾಗದ ನಿಮಗೆ ಸಿಗಲಿಲ್ಲ.

ಹಾಗಾಗಿ ನಿಮಗಾಗಿ ಕಾಯುವುದಿಲ್ಲ. ಹದಕ್ಕೆ ಇನ್ನು ಐದು ದಿನವಿದೆ, ಅಷ್ಟರಲ್ಲಿ ಈ ವರ್ಷದ ಹದ ನಿಲ್ಲಬೇಕು. ಉಳಿದ ಉಕ್ಕಿನ ತುಂಡುಗಳನ್ನು ಒಂದೊಂದು ಶಾಖಕ್ಕೆ ಕಾಯಿಸಿ, ಮುರಿದು, ನೀವು ಮಾಡಿದ್ದನ್ನು ನಾವು ಮೊದಲಿನಿಂದ ಮಾಡಬೇಕು. ಒಂದು ವರ್ಷವಾಗಬಹುದು, ಎರಡಾಗಬಹುದು. ಆ ವರ್ಷ ಸಾವಂತ್ರವ್ವನ ಕೈಯಲ್ಲಿ ಯಾರು ಯಾರು ಉಳಿಯುವುದಿಲ್ಲವೋ ನನಗೆ ಗೊತ್ತಿಲ್ಲ, ಅವರ ಮನೆಯವರು ನನ್ನ ಮುಖಕ್ಕೆ ಉಗಿದರೂ ನಾನು ಒರೆಸಿಕೊಳ್ಳಬೇಕು. ಬಿಸಿಲು ಇಳಿಯುವವರೆಗೂ ಕಾಯುವ ತಾಳ್ಮೆ ನನಗಿಲ್ಲ. ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಈ ಚೀಟಿ ಹಿಡಿದು, ಈಗಲೇ ಹೋಗುತ್ತೇನೆ. ಮಾಬುಸಾಬನನ್ನು ಎಬ್ಬಿಸಿ ಮೊದಲ ಮಾತು ಅವನಿಗೇ ಹೇಳುತ್ತೇನೆ: ಅಣ್ಣಾ, ನಿನ್ನ ಬೆಸಿಗಿ ಚಲೋ ಇತ್ತು.

ಇಂತಿ,
ಫಕೀರವ್ವ