ಹೆಸರು ಕರೆದಾಗ ನಾನಿರಲಿಲ್ಲ

ಡಿಸೆಂಬರ್ 12, ಶುಕ್ರವಾರ. ದೆಹಲಿ.

ನನ್ನ ಕ್ಷೇತ್ರದ ಉಬ್ರಾಣಿಯ ಉಚ್ಚಂಗಮ್ಮನ ದನಿ ಕಿವಿ ಬಿಟ್ಟು ಹೋಗುತ್ತಿಲ್ಲ. ಗಲ್ಫ್‌ಗೆ ಮನೆಗೆಲಸಕ್ಕೆ ಹೋದ ಆಕೆಯ ಮಗಳು ಅಂಬಿಕಾಳ ಪಾಸ್‌ಪೋರ್ಟನ್ನು ಅಲ್ಲಿನ ಯಜಮಾನ ಕಿತ್ತಿಟ್ಟುಕೊಂಡಿದ್ದಾನೆ. ಇಂಥ ಹೆಣ್ಣುಮಕ್ಕಳನ್ನು ಬಿಡಿಸಲು ಏನು ಮಾಡಿದ್ದೀರಿ ಎಂದು ವಿದೇಶಾಂಗ ಸಚಿವರನ್ನು ಕೇಳುವ ನನ್ನ ಪ್ರಶ್ನೆ ಇಂದು ಲೋಕಸಭೆಯಲ್ಲಿ ಬರುವುದಿತ್ತು. ಟಿವಿ ನೋಡು ಎಂದು ನಾನೇ ಆಕೆಗೆ ಹೇಳಿದ್ದೆ.

ನಾನು ಸದನದಲ್ಲಿ ಕೂತಿದ್ದಾಗ ಚನ್ನಗಿರಿಯ ಅಡಿಕೆ ವರ್ತಕರು ಹೊರಗೆ ಬಂದು ನಿಂತರು. "ಒಂದೇ ಫೋಟೊ ಮೇಡಂ, ಪೇಪರಿಗೆ ಕಳಿಸಾಕೆ," ಎಂದು ಚೀಟಿ ಕಳಿಸಿದರು ಅವರ ಮುಖಂಡ ಶಿವಮೂರ್ತಪ್ಪನವರು. ನನ್ನ ಸರದಿ ಇನ್ನೂ ತಡವೆಂದುಕೊಂಡು ಹೊರಗೆ ಹೋದೆ. ಶಾಲು ಹೊದಿಸಿದರು, ಅಡಿಕೆ ಹಾರ ಹಾಕಿದರು, ಮತ್ತೊಂದು ಫೋಟೊ ಎಂದರು. ನಾನೂ ನಕ್ಕುಕೊಂಡು ನಿಂತೆ. ಒಳಗೆ ಸ್ಪೀಕರ್ ನನ್ನ ಹೆಸರು ಕರೆದು, ನಾನಿಲ್ಲದ್ದು ನೋಡಿ ಮುಂದಿನ ಪ್ರಶ್ನೆಗೆ ಹೋದರಂತೆ. ಸಚಿವರು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಸಂಜೆ ಉಚ್ಚಂಗಮ್ಮ ಫೋನು ಮಾಡಿದಳು. "ನಿಮ್ಮ ಹೆಸರು ಕೂಗಿದ್ರು, ನೀವು ಕಾಣ್ಲಿಲ್ಲ. ಹುಷಾರಿದೀರಾ ಅಕ್ಕಾರೆ?"

ಜ್ವರ ಎಂದುಬಿಟ್ಟೆ.

"ಅಯ್ಯೋ, ಮಲ್ಕಳ್ರಿ ಹಂಗಾರೆ. ನನ್ನ ಮಗಳದ್ದು ಹೆಂಗೋ ಆಗ್ತೈತೆ. ಗಂಜಿ ಮಾಡಿಕೊಡಾಕೆ ಅಲ್ಲಿ ಯಾರಾದ್ರೂ ಅದಾರಾ?"

ಇದ್ದಾರೆ ಎಂದೆ. ನಾಳೆ ಫೋನು ಮಾಡಿ ನಿಜ ಹೇಳಬೇಕು. ಇಲ್ಲವೇ, ಜ್ವರ ಬಿಟ್ಟಿತು ಎಂದಷ್ಟೇ ಹೇಳಿಬಿಡಲೇ?